ಯೇಸುವಿನ ಮನೆಯವರ ಬಗ್ಗೆ ಮಣ್ಣಿನಲ್ಲಿ ಸಿಕ್ಕಿದ್ದೇನು? ಯಾಕೋಬನ ಪೆಟ್ಟಿಗೆ, ತಲ್ಪಿಯೋತ್ ಸಮಾಧಿ ಅಸಲಿಯಾ?

ನೇತ್ರಾವತಿ_ದಡ
ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಯೇಸುವಿನ ತಂದೆ, ತಾಯಿ, ಸಹೋದರರ ಬಗ್ಗೆ ಬೈಬಲಿನಲ್ಲಿ ಇರುವುದು ಗೊತ್ತು. ಅದರ ಹೊರಗೆ, ಮಣ್ಣು ಅಗೆದಾಗ ಏನಾದರೂ ಸಿಕ್ಕಿದೆಯಾ? ಯೇಸುವಿನ ಸಹೋದರ ಯಾಕೋಬನ ಮೂಳೆಪೆಟ್ಟಿಗೆ ಸಿಕ್ಕಿದೆ ಅಂತ ಒಬ್ಬರು ಹೇಳುತ್ತಾರೆ. ಅದು ಶುದ್ಧ ನಕಲಿ ಅಂತ ಇನ್ನೊಬ್ಬರು. ಕೋರ್ಟೇ ಅಸಲಿ ಅಂದಿದೆ ಅಂತ ಮತ್ತೊಬ್ಬರು. ಇದರ ಜೊತೆಗೆ ಜೆರುಸಲೇಮಿನ ತಲ್ಪಿಯೋತ್ ಎಂಬಲ್ಲಿ ಇಡೀ ಕುಟುಂಬದ ಸಮಾಧಿ ಸಿಕ್ಕಿದೆ, ಯೇಸುವಿಗೆ ಮಗನೂ ಇದ್ದ ಎಂಬ ವಿಡಿಯೋ ಬೇರೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ನಮ್ಮದು ಮಂಗಳೂರಿನ ಕಥೊಲಿಕ್ ಮನೆ. ಮರಿಯಮ್ಮನವರಿಗೆ ಬೇರೆ ಮಕ್ಕಳಿದ್ದರು ಅಂದರೆ ನಮ್ಮ ಅಜ್ಜಿ ಮಾತೇ ಬಿಡುತ್ತಾರೆ. ನಾನು ಕೇಳುತ್ತಿರುವುದು ನಂಬಿಕೆಯ ಪ್ರಶ್ನೆ ಅಲ್ಲ. ಪುರಾವೆ ಎಷ್ಟು ಗಟ್ಟಿ ಅನ್ನುವುದಷ್ಟೇ ಬೇಕು.

ಹಾಸನದ_ಹುಡುಗ
ಎಲ್ಲಾ ನಕಲಿ. ಕೇಸ್ ಆಗಿ ಜೈಲಿಗೆ ಹೋದರಲ್ಲ ಅವರು.

ಶಾಸನಪ್ರಿಯ
ಹಾಗೆ ಒಂದೇ ಏಟಿಗೆ ಹೇಳುವ ಹಾಗಿಲ್ಲ. ಮೊದಲು ಪೆಟ್ಟಿಗೆಯ ಕಥೆ ನೋಡೋಣ.

ಆ ಕಾಲದ ಜೆರುಸಲೇಮಿನಲ್ಲಿ ಸತ್ತವರನ್ನು ಬಂಡೆ ಕೊರೆದ ಗವಿಯಲ್ಲಿ ಮಲಗಿಸುತ್ತಿದ್ದರು. ವರ್ಷ ಕಳೆದು ಮಾಂಸ ಕರಗಿದ ಮೇಲೆ ಮೂಳೆ ಆಯ್ದು ಸುಣ್ಣಕಲ್ಲಿನ ಪೆಟ್ಟಿಗೆಗೆ ಹಾಕುತ್ತಿದ್ದರು. ತೊಡೆ ಮೂಳೆ ಹಿಡಿಸುವಷ್ಟು ಉದ್ದ ಇದ್ದರೆ ಸಾಕು. ಈ ಪದ್ಧತಿ ಜೋರಾಗಿ ನಡೆದದ್ದು ಸುಮಾರು ಕ್ರಿ.ಪೂ. 20ರಿಂದ ಕ್ರಿ.ಶ. 70ರ ತನಕ. ಅಂದರೆ ಯೇಸುವಿನ ಕಾಲ, ಅವನ ಮುಂದಿನ ಒಂದು ತಲೆಮಾರು. ಇಂಥ ಪೆಟ್ಟಿಗೆಗಳು ನೂರಾರು ಸಿಕ್ಕಿವೆ. ಬಹುಪಾಲು ಪೆಟ್ಟಿಗೆಗಳ ಮೇಲೆ ಏನೂ ಬರೆದಿಲ್ಲ.

2002ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಲಿಪಿತಜ್ಞ ಆಂದ್ರೆ ಲೆಮೇರ್ ಒಂದು ಪೆಟ್ಟಿಗೆಯ ಸುದ್ದಿ ಹೊರಗೆ ಬಿಟ್ಟರು. ಉದ್ದ ಸುಮಾರು ಅರ್ಧ ಮೀಟರ್. ಪಕ್ಕದಲ್ಲಿ ಅರಾಮಿಕ್ ಭಾಷೆಯ ಒಂದೇ ಸಾಲು: 'ಯಾಕೋಬ, ಯೋಸೇಫನ ಮಗ, ಯೇಸುವಿನ ಸಹೋದರ'. ಪೆಟ್ಟಿಗೆ ಇದ್ದದ್ದು ಟೆಲ್ ಅವೀವಿನ ಸಂಗ್ರಹಕಾರ ಓದೆದ್ ಗೋಲಾನ್ ಹತ್ತಿರ. ಎಷ್ಟೋ ವರ್ಷದ ಹಿಂದೆ ಜೆರುಸಲೇಮಿನ ವ್ಯಾಪಾರಿಯೊಬ್ಬನಿಂದ ಕೊಂಡೆ ಅಂದರು ಗೋಲಾನ್.

ನನ್ನ ಮಟ್ಟಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಯಾವ ಗವಿ, ಪಕ್ಕದಲ್ಲಿ ಯಾರ ಮೂಳೆ ಇತ್ತು, ಇನ್ನೇನು ಬರೆದಿತ್ತು, ಯಾವುದಕ್ಕೂ ಉತ್ತರ ಇಲ್ಲ. ಕಳ್ಳರು ಎತ್ತಿ ತಂದ ಕಲ್ಲಿಗೆ ಅರ್ಧ ಇತಿಹಾಸ ಅಲ್ಲೇ ಹೋಗಿಬಿಡುತ್ತದೆ. ಶಾಸನ ಓದುವುದನ್ನು ಕಲಿಯುವಾಗ ನಮಗೆ ಮೊದಲ ದಿನದಿಂದ ತಲೆಗೆ ತುಂಬಿದ್ದು ಇದನ್ನೇ. ಕಲ್ಲು ಎಲ್ಲಿ ಸಿಕ್ಕಿತು ಅಂತ ಮೊದಲು ಕೇಳಿ, ಆಮೇಲೆ ಏನು ಬರೆದಿದೆ ಅಂತ ಓದಿ.

ತುಂಗೆಯ_ತೀರ
ಶಾಸನಪ್ರಿಯ ಸರ್, ಅದು ಸರಿ, ಆದರೆ ಕೋರ್ಟಿನ ವಿಷಯ ಪೂರ್ತಿ ಹೇಳಿ. ಅಲ್ಲೇ ಎಲ್ಲರೂ ಎಡವುವುದು.

ಇಸ್ರೇಲಿನ ಪುರಾತತ್ವ ಪ್ರಾಧಿಕಾರ 2003ರ ಜೂನಿನಲ್ಲಿ, ಪೆಟ್ಟಿಗೆ ಹಳೆಯದೇ, ಬರಹ ಮಾತ್ರ ಈಚಿನದು ಎಂದು ಘೋಷಿಸಿತು. 2004ರ ಕೊನೆಯಲ್ಲಿ ಗೋಲಾನ್ ಮತ್ತು ಇನ್ನೂ ಕೆಲವರ ಮೇಲೆ ಮೊಕದ್ದಮೆ ಹೂಡಿದರು. ವರ್ಷಗಟ್ಟಲೆ ವಿಚಾರಣೆ ನಡೆದು 2012ರ ಮಾರ್ಚ್ 14ರಂದು ಜೆರುಸಲೇಮ್ ಜಿಲ್ಲಾ ನ್ಯಾಯಾಧೀಶ ಅಹರೋನ್ ಫರ್ಕಾಶ್ ತೀರ್ಪು ಕೊಟ್ಟರು. ನಕಲಿ ಮಾಡಿದ ಆರೋಪದಿಂದ ಖುಲಾಸೆ. ಲೈಸೆನ್ಸ್ ಇಲ್ಲದೆ ಪ್ರಾಚೀನ ವಸ್ತು ಮಾರಿದ್ದು ಮುಂತಾದ ಸಣ್ಣ ಆರೋಪಗಳು ಮಾತ್ರ ನಿಂತವು. ಅದಕ್ಕೆ 30,000 ಶೆಕೆಲ್ ದಂಡ, ಒಂದು ತಿಂಗಳ ಶಿಕ್ಷೆ. ಅದನ್ನೂ ಮೊದಲೇ ಅನುಭವಿಸಿ ಆಗಿತ್ತು.

ಹಾಗಾಗಿ 'ನಕಲಿ ಮಾಡಿ ಜೈಲಿಗೆ ಹೋದರು' ಅನ್ನುವುದು ತಪ್ಪು. 'ಕೋರ್ಟ್ ಅಸಲಿ ಅಂದಿತು' ಅನ್ನುವುದೂ ತಪ್ಪು. ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪ ಸಾಬೀತಾಗಿಲ್ಲ, ಇದರಿಂದ ಬರಹ ಅಸಲಿ ಎಂದು ಆಗುವುದಿಲ್ಲ ಎಂದು ನ್ಯಾಯಾಧೀಶರೇ ಸ್ಪಷ್ಟವಾಗಿ ಹೇಳಿದ್ದಾರೆ.

ಹಾಸನದ_ಹುಡುಗ
ಹಾಗಾದರೆ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದು ಏನಾಯಿತು? ಪಾಟಿನಾ ಗೀಟಿನಾ ಅಂತ ಓದಿದ ನೆನಪು.

ಶಾಸನಪ್ರಿಯ
ಪಾಟಿನಾ ಅಂದರೆ ಕಲ್ಲಿನ ಮೇಲೆ ಕಾಲ ಕಳೆದ ಹಾಗೆ ಕೂರುವ ತೆಳ್ಳನೆಯ ಪದರ. ಅಕ್ಷರ ಹಳೆಯದಾದರೆ ಅಕ್ಷರದ ಗೀರಿನ ಒಳಗೂ ಅದು ಇರಬೇಕು. ಯುವಾಲ್ ಗೋರೆನ್ ಮತ್ತು ಅವ್ನೇರ್ ಅಯಲೋನ್ ಆ ಪದರದಲ್ಲಿರುವ ಆಮ್ಲಜನಕದ ಐಸೋಟೋಪ್, ಅಂದರೆ ತೂಕ ಬೇರೆ ಇರುವ ಆಮ್ಲಜನಕದ ರೂಪಗಳ ಪ್ರಮಾಣ, ಅಳೆದರು. ಜೆರುಸಲೇಮಿನ ಗವಿಯ ತಂಪಿನಲ್ಲಿ ತಾನಾಗಿ ಕೂತ ಪದರದ ಲೆಕ್ಕ ಒಂದು ಥರ ಇರುತ್ತದೆ. ಅಕ್ಷರದೊಳಗೆ ಸಿಕ್ಕಿದ್ದು ಅದಕ್ಕೆ ಹೊಂದಲಿಲ್ಲ. ಸುಣ್ಣಕಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಬಳಿದ ಹಾಗಿದೆ ಎಂದರು.

ಎದುರು ಪಕ್ಷದವರ ವಾದ ಬೇರೆ. ಪೆಟ್ಟಿಗೆಯನ್ನು ಯಾರೋ ತೊಳೆದು ಉಜ್ಜಿದ್ದಾರೆ, ಅದಕ್ಕೇ ಲೆಕ್ಕ ಕೆಟ್ಟಿದೆ ಅಂತ. ಕೆಲವು ಅಕ್ಷರಗಳಲ್ಲಿ ಸಹಜ ಪದರ ಉಳಿದಿದೆ ಎಂದು ಜರ್ಮನಿಯ ವೋಲ್ಫ್‌ಗಾಂಗ್ ಕ್ರುಂಬೈನ್ ಸಾಕ್ಷಿ ಹೇಳಿದರು.

ಎಲ್ಲಕ್ಕಿಂತ ನೋವಿನ ವಿಷಯ ಆಮೇಲೆ ನಡೆದದ್ದು. ಪೊಲೀಸ್ ಪ್ರಯೋಗಾಲಯದವರು ಬರಹದ ಅಚ್ಚು ತೆಗೆಯಲು ಅದರ ಮೇಲೆ ಕೆಂಪು ಸಿಲಿಕೋನ್ ಸುರಿದರು. ಒಣಗಿದ ಮೇಲೆ ಕಿತ್ತಾಗ ಅಕ್ಷರದೊಳಗಿನ ಪದರವೂ ಕಿತ್ತುಕೊಂಡು ಬಂತು, ಕಲ್ಲಿನ ಮೇಲೆ ಕೆಂಪು ಕಲೆ ಉಳಿಯಿತು. ಇನ್ನು ಮುಂದೆ ಎಷ್ಟು ಒಳ್ಳೆಯ ಯಂತ್ರ ಬಂದರೂ ಅಲ್ಲಿ ಪರೀಕ್ಷೆ ಮಾಡಲು ಉಳಿದಿರುವುದೇ ಕಡಿಮೆ. ಯಾವ ಪಕ್ಷದವರೇ ಆಗಲಿ, ಇದನ್ನು ಓದಿ ಸಿಟ್ಟು ಬರಬೇಕು.

ಮಲ್ಲಿಗೆ_ಉಡುಪಿ
ಅದಕ್ಕೂ ಮೊದಲೇ ಅದು ಒಡೆದಿತ್ತಲ್ಲ! ಟೊರೊಂಟೋದ ರಾಯಲ್ ಒಂಟಾರಿಯೋ ಮ್ಯೂಸಿಯಂಗೆ ಕಳಿಸುವಾಗ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ರಟ್ಟಿನ ಡಬ್ಬದಲ್ಲಿ ಹಾಕಿ ವಿಮಾನಕ್ಕೆ ಹತ್ತಿಸಿದ್ದರು. ಅಲ್ಲಿ ಬಿಚ್ಚಿ ನೋಡಿದರೆ ಬಿರುಕು, ಅದೂ ಬರಹದ ಮೇಲೇ ಹಾದು ಹೋಗಿತ್ತು. ಮ್ಯೂಸಿಯಂನವರು ಅಂಟಿಸಿ ಪ್ರದರ್ಶನಕ್ಕೆ ಇಟ್ಟರು. ಆಮೇಲೆ ಪೊಲೀಸರು ಗೋಲಾನ್ ಮನೆ ಶೋಧಿಸಿದಾಗ ಆ ಪೆಟ್ಟಿಗೆ ತಾರಸಿಯಲ್ಲಿ ಒಂದು ಶೌಚದ ಕಮೋಡಿನ ಮೇಲೆ ಕೂತಿತ್ತು.

ಬಲ್ಮಠ_ರಸ್ತೆ
ಪೆಟ್ಟಿಗೆ ಬಿಡಿ. ಯಾಕೋಬ ಇದ್ದ ಎನ್ನುವುದಕ್ಕೆ ಪೆಟ್ಟಿಗೆಯೇ ಬೇಕಾಗಿಲ್ಲ. ಅದನ್ನು ಯಾರೂ ಇಲ್ಲಿ ಹೇಳುತ್ತಿಲ್ಲ.

ಆ ಕಾಲದ ಕ್ರೈಸ್ತ ಬೋಧಕ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಕರ್ತನ ಸಹೋದರ ಯಾಕೋಬನನ್ನು ಜೆರುಸಲೇಮಿನಲ್ಲಿ ತಾನೇ ಭೇಟಿಯಾದೆ ಎನ್ನುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಕ್ರೈಸ್ತನಲ್ಲ. ಅವನು ಕ್ರಿ.ಶ. 93-94ರಲ್ಲಿ ಮುಗಿಸಿದ ದೊಡ್ಡ ಇತಿಹಾಸದ 20ನೇ ಭಾಗದಲ್ಲಿ ಯಾಕೋಬನ ಸಾವು ಬರುತ್ತದೆ. ರೋಮನ್ ಅಧಿಕಾರಿ ಫೆಸ್ತನು ಸತ್ತಿದ್ದ, ಅವನ ಜಾಗಕ್ಕೆ ಅಲ್ಬಿನಸ್ ಇನ್ನೂ ದಾರಿಯಲ್ಲಿದ್ದ. ಆ ಸಂದಿನಲ್ಲಿ ಮಹಾಯಾಜಕ ಅನಾನಸ್ ಸಭೆ ಸೇರಿಸಿ, 'ಕ್ರಿಸ್ತನೆಂದು ಕರೆಯಲ್ಪಟ್ಟ ಯೇಸುವಿನ ಸಹೋದರ' ಯಾಕೋಬನನ್ನೂ ಇನ್ನು ಕೆಲವರನ್ನೂ ಕಲ್ಲೆಸೆದು ಕೊಲ್ಲಿಸಿದ. ಇದು ಕ್ರಿ.ಶ. 62ರ ಮಾತು. ಊರಿನ ಕಟ್ಟುನಿಟ್ಟಿನ ಜನವೇ ಇದನ್ನು ಒಪ್ಪದೆ ದೂರು ಕೊಟ್ಟರು, ಅನಾನಸನ ಹುದ್ದೆ ಮೂರೇ ತಿಂಗಳಿಗೆ ಹೋಯಿತು.

ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಕಲ್ಲು ಕೊಡುತ್ತದೆ?

ನೇತ್ರಾವತಿ_ದಡ
ಈ ಅನಾನಸನ ವಿಷಯ ನನಗೆ ಗೊತ್ತೇ ಇರಲಿಲ್ಲ. ಧನ್ಯವಾದ. ಆದರೆ 'ಸಹೋದರ' ಅಂದರೆ ಮರಿಯಮ್ಮನವರ ಮಗ ಅಂತಲೇ ಆಗಬೇಕಾ?

ಬಲ್ಮಠ_ರಸ್ತೆ
ನಾವು ಪ್ರೊಟೆಸ್ಟೆಂಟರು, ನಮ್ಮ ಮನೆಯಲ್ಲಿ ಇದು ಪ್ರಶ್ನೆಯೇ ಅಲ್ಲ. ಮಾರ್ಕ 6:3ರಲ್ಲಿ ಯಾಕೋಬ, ಯೋಸೆ, ಯೂದ, ಸಿಮೋನ ಎಂದು ನಾಲ್ಕು ಹೆಸರು ಸಾಲಾಗಿವೆ. ತಂಗಿಯರೂ ಇದ್ದರು, ಅವರ ಹೆಸರು ಹೇಳಿಲ್ಲ. ಯೇಸು ಹುಟ್ಟಿದ ಮೇಲೆ ಮರಿಯ ಮತ್ತು ಯೋಸೇಫರಿಗೆ ಹುಟ್ಟಿದವರು ಅಂತ ಸರಳವಾಗಿ ಓದುತ್ತೇವೆ.

ಓದುಗ_72
ಅಷ್ಟು ಸರಳ ಇಲ್ಲ ಸರ್. ಇದರಲ್ಲಿ ಮೂರು ದಾರಿ ಇವೆ, ಮೂರೂ ಹಳೆಯವೇ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹೇಳುವುದು, ಯೋಸೇಫ ಹೆಂಡತಿ ತೀರಿಕೊಂಡವನು, ಇವರು ಅವನ ಮೊದಲ ಮದುವೆಯ ಮಕ್ಕಳು ಅಂತ. 2ನೇ ಶತಮಾನದ ಯಾಕೋಬನ ಹೆಸರಿನ ಸುವಾರ್ತೆಯಲ್ಲೇ ಯೋಸೇಫನಿಗೆ ಮೊದಲೇ ಗಂಡುಮಕ್ಕಳಿದ್ದರು ಎಂದು ಬರುತ್ತದೆ. 4ನೇ ಶತಮಾನದಲ್ಲಿ ಎಪಿಫಾನಿಯಸ್ ಇದನ್ನೇ ಗಟ್ಟಿಯಾಗಿ ಹಿಡಿದರು.

ಕಥೊಲಿಕರ ದಾರಿ ಸಂತ ಜೆರೋಮರದು. ಸುಮಾರು 383ರಲ್ಲಿ ಹೆಲ್ವಿಡಿಯಸ್ ಎಂಬವನ ವಿರುದ್ಧ ಬರೆದಾಗ ಅವರು ಒಂದು ಕೊಂಡಿ ತೋರಿಸಿದರು. ಶಿಲುಬೆಯ ಹತ್ತಿರ ಯಾಕೋಬ ಮತ್ತು ಯೋಸೆಯರ ತಾಯಿ ಮರಿಯ ಎಂಬ ಬೇರೊಬ್ಬಳು ನಿಂತಿದ್ದಾಳೆ. ಅವಳು ಯೇಸುವಿನ ತಾಯಿ ಆಗಿದ್ದರೆ ಸುತ್ತಿ ಬಳಸಿ ಹಾಗೆ ಯಾಕೆ ಹೇಳುತ್ತಿದ್ದರು? ಆದ್ದರಿಂದ ಇವರು ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು ಎನ್ನುತ್ತಾರೆ ಜೆರೋಮ್.

ಮೂರನೆಯದು ಹೆಲ್ವಿಡಿಯಸನದೇ, ನೀವು ಹೇಳಿದ್ದು. ಯಾವ ಪೆಟ್ಟಿಗೆ ಸಿಕ್ಕಿದರೂ ಈ ಜಗಳ ತೀರುವುದಿಲ್ಲ. ಪೆಟ್ಟಿಗೆಯ ಮೇಲೆ ತಾಯಿಯ ಹೆಸರೇ ಇಲ್ಲವಲ್ಲ. 'ಯೋಸೇಫನ ಮಗ' ಅಂದರೆ ಮೊದಲ ಹೆಂಡತಿಯ ಮಗನೂ ಆಗಬಹುದು.

ಮಲ್ಲಿಗೆ_ಉಡುಪಿ
ಜೆರೋಮರ ದಾರಿಗೆ ಮಾತ್ರ ಪೆಟ್ಟಿಗೆ ಕಷ್ಟ ಕೊಡುತ್ತದೆ ಅಲ್ವಾ? ಅಲ್ಲಿ ಯಾಕೋಬನ ಅಪ್ಪ ಯೋಸೇಫ ಅಲ್ಲ, ಅಲ್ಫಾಯ ಎಂಬ ಬೇರೊಬ್ಬ.

ಓದುಗ_72
ಹೌದು. ಪೆಟ್ಟಿಗೆ ಅಸಲಿ ಆಗಿದ್ದು, ಆ ಯಾಕೋಬ ಇವನೇ ಆಗಿದ್ದರೆ. ಆ ಎರಡು 'ಆದರೆ' ಇನ್ನೂ ದಾಟಿಲ್ಲ.

ಲೆಕ್ಕದ_ಮೇಷ್ಟ್ರು
ಎರಡನೇ 'ಆದರೆ' ಬಗ್ಗೆ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ಸಂಭವನೀಯತೆ ಪಾಠ ಮಾಡುವಾಗ ಇದನ್ನೇ ಉದಾಹರಣೆ ಕೊಡುತ್ತೇನೆ.

ನಮ್ಮ ಊರಿನ ಜಾತ್ರೆಯಲ್ಲಿ ನಿಂತು 'ಮಂಜ' ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಆಗಿನ ಯೂದಾಯವೂ ಹಾಗೇ. ಆ ಕಾಲದ ಯೆಹೂದಿಗಳ ಹೆಸರುಗಳನ್ನು ತಾಲ್ ಇಲಾನ್ ಎಂಬ ವಿದ್ವಾಂಸೆ ಶಾಸನ, ಹಸ್ತಪ್ರತಿ, ಪೆಟ್ಟಿಗೆಗಳಿಂದ ಒಟ್ಟು ಹಾಕಿದ್ದಾರೆ. ಹೆಸರು ಗೊತ್ತಿರುವ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬಳು ಮರಿಯ. ಗಂಡಸರಲ್ಲಿ ಸಿಮೋನ ಮೊದಲು, ಯೋಸೇಫ ಎರಡನೆಯದು. ಯೂದ, ಯೇಸು ಇವೂ ತೀರಾ ಸಾಮಾನ್ಯ ಹೆಸರುಗಳು.

ಯಾಕೋಬನ ಪೆಟ್ಟಿಗೆಯ ಮೇಲೆ ಮೂರು ಹೆಸರು ಒಂದೇ ಸಂಬಂಧದಲ್ಲಿ ಕೂಡಿ ಬಂದಿವೆ. ಲೆಮೇರ್ ಅವರೇ ಲೆಕ್ಕ ಹಾಕಿ, ಆ ಕಾಲದ ಜೆರುಸಲೇಮಿನಲ್ಲಿ ಹೀಗೆ ಕರೆಸಿಕೊಳ್ಳಬಹುದಾದ ಸುಮಾರು 20 ಯಾಕೋಬರು ಇದ್ದಿರಬಹುದು ಅಂದಿದ್ದರು. ಅದಕ್ಕೆ ಅವರು ಕೊಡುವ ಉತ್ತರ, ಪೆಟ್ಟಿಗೆಯ ಮೇಲೆ ಅಣ್ಣನ ಹೆಸರು ಬರೆಯುವುದು ಬಹಳ ಅಪರೂಪ, ಅಣ್ಣ ಹೆಸರುವಾಸಿ ಆಗಿದ್ದರೆ ಮಾತ್ರ ಬರೆಯುತ್ತಾರೆ ಅಂತ. ಒಳ್ಳೆಯ ವಾದವೇ. ಆದರೆ ಅದು ಊಹೆ, ಲೆಕ್ಕ ಅಲ್ಲ.

ಶಾಸನಪ್ರಿಯ
ಅಣ್ಣನ ಹೆಸರು ಅಪರೂಪ ಅನ್ನುವುದು ಎರಡೂ ಕಡೆ ಕೊಯ್ಯುತ್ತದೆ ಮೇಷ್ಟ್ರೇ. ಹಳೆಯ 'ಯಾಕೋಬ, ಯೋಸೇಫನ ಮಗ' ಎಂಬ ಬರಹಕ್ಕೆ ಯಾರೋ ಕೊನೆಯ ಎರಡು ಪದ ಸೇರಿಸಿದ್ದಾರೆ ಎಂದು ಅನುಮಾನ ಪಟ್ಟವರೂ ಇದ್ದಾರೆ. ಇಲ್ಲ, ಇಡೀ ಸಾಲು ಒಂದೇ ಕೈ ಎಂದು ಅದಾ ಯಾರ್ದೇನಿಯಂಥ ದೊಡ್ಡ ಲಿಪಿತಜ್ಞರು ಹೇಳಿದ್ದಾರೆ. ಲಿಪಿ ನೋಡಿದರೆ ನನಗೂ ಯಾರ್ದೇನಿಯವರ ಮಾತೇ ಸರಿ ಅನಿಸುತ್ತದೆ. ಹಾಗಂತ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಹೋಗುವುದಿಲ್ಲ.

ಬಳ್ಳಾರಿ_ಬಿಸಿಲು
ಮೇಷ್ಟ್ರೇ, ಆ ಟಿವಿ ಸಮಾಧಿ ಯೇಸುವಿನ ಮನೆಯವರದೇ ಎನ್ನಲು ಸಂಭವ 600ಕ್ಕೆ 1 ಅಂತ ಲೆಕ್ಕ ಇತ್ತಲ್ಲ, ಅದು?

ಲೆಕ್ಕದ_ಮೇಷ್ಟ್ರು
ಅದೇ ತಲ್ಪಿಯೋತ್ ಸಮಾಧಿ. 1980ರ ಮಾರ್ಚಿನಲ್ಲಿ ಜೆರುಸಲೇಮಿನ ಪೂರ್ವ ತಲ್ಪಿಯೋತಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ನೆಲ ಸಿಡಿಸುವಾಗ ಸಿಕ್ಕಿತು. ಹತ್ತು ಪೆಟ್ಟಿಗೆ. ಆರರ ಮೇಲೆ ಹೆಸರು: ಯೋಸೇಫನ ಮಗ ಯೇಸು, ಮರಿಯ, ಯೋಸೆ, ಮತ್ತಾಯ, ಯೇಸುವಿನ ಮಗ ಯೂದ, ಮತ್ತೆ ಗ್ರೀಕಿನಲ್ಲಿ ಮರಿಯಾಮ್ ಎಂಬಂಥ ಇನ್ನೊಂದು ಹೆಸರು. ಅಗೆದವರು ಯೋಸೆಫ್ ಗಾತ್ ಮತ್ತು ಜೊತೆಯವರು. 1996ರಲ್ಲಿ ಅಮೋಸ್ ಕ್ಲೋನರ್ ವರದಿ ಪ್ರಕಟಿಸಿದರು. ದೊಡ್ಡ ಗದ್ದಲ ಆಗಲಿಲ್ಲ. 2007ರಲ್ಲಿ ಸಿಮ್ಖಾ ಜಾಕೊಬೊವಿಚಿ ಸಾಕ್ಷ್ಯಚಿತ್ರ ಮಾಡಿದರು, ಜೇಮ್ಸ್ ಕ್ಯಾಮರೂನ್ ಅದರ ನಿರ್ಮಾಪಕರಲ್ಲಿ ಒಬ್ಬರು. ಆಗ ಲೋಕಕ್ಕೆಲ್ಲ ಗೊತ್ತಾಯಿತು.

600ಕ್ಕೆ 1 ಎಂಬ ಲೆಕ್ಕ ಟೊರೊಂಟೋ ವಿಶ್ವವಿದ್ಯಾಲಯದ ಆಂಡ್ರೇ ಫೊಯರ್ವೆರ್ಗರ್ ಅವರದು. ಅವರು ಪ್ರಾಮಾಣಿಕರು, ತಮ್ಮ ಊಹೆಗಳನ್ನು ಬರೆದೇ ಇಟ್ಟಿದ್ದಾರೆ. ಅದರಲ್ಲಿ ಮುಖ್ಯವಾದದ್ದು, ಗ್ರೀಕ್ ಬರಹದಲ್ಲಿರುವ ಹೆಸರು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಿಗೇ ಹೊಂದುವ ಅಪರೂಪದ ರೂಪ ಎಂಬುದು. ಅಲ್ಲಿ ಇರುವುದು ಒಂದು ಅಪರೂಪದ ಹೆಸರಲ್ಲ, ಮರಿಯಾಮೆ ಮತ್ತು ಮಾರ ಎಂಬ ಇಬ್ಬರು ಹೆಂಗಸರ ಹೆಸರು ಎಂದು ಸ್ಟೀಫನ್ ಫಾನ್ ಓದಿದರು. ಆ ಓದು ಸರಿಯಾದರೆ 600 ಕುಸಿದು ಬೀಳುತ್ತದೆ. ಸೂತ್ರದಲ್ಲಿ ತಪ್ಪಿಲ್ಲ, ಸೂತ್ರಕ್ಕೆ ಹಾಕಿದ್ದರಲ್ಲಿ ತಕರಾರು.

ತುಂಗೆಯ_ತೀರ
ಡಿಎನ್‌ಎ ಕೂಡ ಹೇಳಿಬಿಡಿ. ಯೇಸು ಎಂದಿರುವ ಪೆಟ್ಟಿಗೆ, ಆ ಗ್ರೀಕ್ ಹೆಸರಿನ ಪೆಟ್ಟಿಗೆ, ಇವೆರಡರ ತಳದಲ್ಲಿ ಉಳಿದ ಚೂರುಪಾರನ್ನು ಕೆನಡಾದಲ್ಲಿ ಪರೀಕ್ಷಿಸಿದರು. ತಾಯಿಯ ಕಡೆಯಿಂದ ಇಬ್ಬರಿಗೂ ಸಂಬಂಧ ಇಲ್ಲ ಎಂದಷ್ಟೇ ಗೊತ್ತಾಯಿತು. ಅದನ್ನು ಹಿಡಿದು 'ಹಾಗಾದರೆ ಗಂಡ ಹೆಂಡತಿ' ಅಂದುಬಿಟ್ಟರು. ಅತ್ತೆ ಸೊಸೆ, ಮಾವ ಸೊಸೆ, ಅಪ್ಪನ ಕಡೆಯ ಅಣ್ಣ ತಂಗಿ, ಏನು ಬೇಕಾದರೂ ಆಗಬಹುದಿತ್ತು. ಬೇರೆ ಪೆಟ್ಟಿಗೆಗಳನ್ನು ಪರೀಕ್ಷಿಸಲೇ ಇಲ್ಲ. ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಜನರ ಮೂಳೆ ಹಾಕುವುದು ಆಗ ಮಾಮೂಲು.

ಮಲ್ಲಿಗೆ_ಉಡುಪಿ
ಗ್ರೀಕ್ ಪೆಟ್ಟಿಗೆಯಲ್ಲಿ ಹೆಂಗಸಿನ ಹೆಸರು, ಯೇಸುವಿನ ಪೆಟ್ಟಿಗೆಯಲ್ಲಿ ಗಂಡಸಿನ ಹೆಸರು. ಅದರಲ್ಲಿ ಅತ್ತೆ ಸೊಸೆ ಹೇಗೆ ಬರುತ್ತದೆ? 😀 ಉಳಿದದ್ದು ಒಪ್ಪುತ್ತೇನೆ.

ಜೆರುಸಲೇಮ್_ಕುಡ್ಲ
ನಾನು ಮಂಗಳೂರಿನ ಕಡೆಯವಳು, ಇಲ್ಲಿ ಜೆರುಸಲೇಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮ ಕಡೆಯವರು ಇಲ್ಲಿ ಸುಮಾರು ಜನ ಇದ್ದೇವೆ. ರಜೆಯ ದಿನ ಗೆಳತಿಯರ ಜೊತೆ ಆ ತಲ್ಪಿಯೋತ್ ಜಾಗಕ್ಕೆ ಹೋಗಿದ್ದೆ. ನೋಡಲು ಏನೂ ಇಲ್ಲ. ಅಪಾರ್ಟ್‌ಮೆಂಟುಗಳ ನಡುವೆ ಸಣ್ಣ ತೋಟ, ಅದರಲ್ಲಿ ಒಂದು ಕಾಂಕ್ರೀಟ್ ಚಪ್ಪಡಿ. ಪಕ್ಕದಲ್ಲಿ ಮಕ್ಕಳ ಸೈಕಲ್ಲು. ಅದರ ಕೆಳಗೇ ಗವಿ ಇದೆಯಂತೆ. ಬೋರ್ಡು ಇಲ್ಲ, ಮೇಣದ ಬತ್ತಿ ಇಲ್ಲ. ಮೇಲಿನಿಂದ ಒಬ್ಬ ಅಜ್ಜಿ ಬಾಗಿ ನೋಡಿ ಒಳಗೆ ಹೋದರು.

ಇಸ್ರೇಲ್ ಮ್ಯೂಸಿಯಂನಲ್ಲಿ ಕಾಯಫನ ಪೆಟ್ಟಿಗೆ ಮಾತ್ರ ನೋಡಲೇಬೇಕು. ಯೇಸುವಿನ ವಿಚಾರಣೆ ಮಾಡಿದ ಮಹಾಯಾಜಕನ ಮನೆತನದ್ದು. ಮುಂದೆ ಎರಡು ದೊಡ್ಡ ವೃತ್ತ, ಒಳಗೆಲ್ಲ ಹೂವಿನ ಕೆತ್ತನೆ, ಅಂಚಿನಲ್ಲಿ ಬಳ್ಳಿ. ಅಷ್ಟು ಚೆಂದ ಕೆತ್ತಿದ ಪೆಟ್ಟಿಗೆಯ ಮೇಲೆ ಹೆಸರನ್ನು ಮಾತ್ರ ಮೊಳೆಯಲ್ಲಿ ಗೀಚಿದ ಹಾಗೆ ಬರೆದಿದ್ದಾರೆ. ಸೊಟ್ಟ ಸೊಟ್ಟ. ಕತ್ತಲ ಗವಿಯಲ್ಲಿ ಕೂತು ಮನೆಯವರೇ ಬರೆದಿರಬೇಕು ಅನಿಸಿತು.

ಶಾಸನಪ್ರಿಯ
ಅಕ್ಕ, ಈ ವರ್ಣನೆಗೆ ದೊಡ್ಡ ನಮಸ್ಕಾರ. ನಾನು ಹೇಳಬೇಕೆಂದಿದ್ದದ್ದಕ್ಕೆ ಇದೇ ಸರಿಯಾದ ಉದಾಹರಣೆ. ಕಾಯಫನ ಪೆಟ್ಟಿಗೆ 1990ರಲ್ಲಿ ಸಿಕ್ಕಿತು. ಕೆಲಸಗಾರರಿಗೆ ಗವಿ ಕಂಡ ಕೂಡಲೇ ಪುರಾತತ್ವದವರು ಬಂದು ಅಗೆದರು. ಯಾವ ಪೆಟ್ಟಿಗೆ ಎಲ್ಲಿತ್ತು, ಒಳಗೆ ಯಾರ ಮೂಳೆ, ಎಷ್ಟು ವಯಸ್ಸು, ಎಲ್ಲ ದಾಖಲಾಯಿತು. ಒಂದರಲ್ಲಿ ಸುಮಾರು 60 ವರ್ಷದ ಗಂಡಸಿನ ಮೂಳೆ ಇತ್ತು. ಅವನೇ ಸುವಾರ್ತೆಯ ಕಾಯಫನಾ ಎಂದು ಈಗಲೂ ಚರ್ಚೆ ಇದೆ. ಆದರೆ ಬರಹ ನಕಲಿಯಾ ಎಂಬ ಚರ್ಚೆ ಇಲ್ಲ. ಯಾಕೋಬನ ಪೆಟ್ಟಿಗೆ ಹೀಗೆ ಸಿಕ್ಕಿದ್ದರೆ ನಾವು ಇಷ್ಟು ಹೊತ್ತು ಸಿಲಿಕೋನ್, ಕೋರ್ಟು ಅಂತ ಒದ್ದಾಡುತ್ತಿರಲಿಲ್ಲ.

ತಲ್ಪಿಯೋತ್ ಕೂಡ ಸರಿಯಾಗಿ ಅಗೆದ ಜಾಗವೇ, ಆದ್ದರಿಂದಲೇ ಅಲ್ಲಿನ ಬರಹ ನಕಲಿ ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ಜಗಳ ಇರುವುದು ಆ ಹೆಸರಿನವರು ಯಾರು ಎಂಬುದಕ್ಕೆ.

ಬಳ್ಳಾರಿ_ಬಿಸಿಲು
ತಲ್ಪಿಯೋತಿನ ಹತ್ತನೇ ಪೆಟ್ಟಿಗೆ ಕಳೆದುಹೋಗಿದೆ, ಅದೇ ಯಾಕೋಬನ ಪೆಟ್ಟಿಗೆ ಅಂತಾರಲ್ಲ? ಆಗ ಎರಡೂ ಕೂಡಿಬಿಡುತ್ತದೆ.

ತುಂಗೆಯ_ತೀರ
ಕೂಡುವುದಿಲ್ಲ. ಹತ್ತನೆಯದು ಬರಹ ಇಲ್ಲದ ಸಾದಾ ಪೆಟ್ಟಿಗೆ ಎಂದು ಕ್ಲೋನರ್ ಹೇಳಿದ್ದಾರೆ. ವರದಿಯಲ್ಲಿ ಅದರ ಉದ್ದ 60 ಸೆಂಟಿಮೀಟರ್, ಯಾಕೋಬನದು 50 ಚಿಲ್ಲರೆ. ಗೋಲಾನ್ ಕೋರ್ಟಿಗೆ ಕೊಟ್ಟ ಹಳೆಯ ಫೋಟೋದಲ್ಲಿ ಪೆಟ್ಟಿಗೆ ಅವರ ಮನೆಯ ಕಪಾಟಿನಲ್ಲಿದೆ. ಆ ಫೋಟೋ 1970ರ ದಶಕದ್ದು ಎಂದು ಅಮೆರಿಕದ ಎಫ್‌ಬಿಐನ ನಿವೃತ್ತ ತಜ್ಞರು ಸಾಕ್ಷಿ ಹೇಳಿದರು. ತಲ್ಪಿಯೋತ್ ಬಾಗಿಲು ತೆರೆದದ್ದು 1980ರಲ್ಲಿ. ಗೋಲಾನರನ್ನು ನಂಬಿದರೆ ತಲ್ಪಿಯೋತ್ ಬಿಡಬೇಕು. ಮಣ್ಣಿನ ರಾಸಾಯನಿಕ ಅಂಶ ಹೊಂದುತ್ತದೆ ಎಂದು 2015ರಲ್ಲಿ ಭೂವಿಜ್ಞಾನಿ ಆರ್ಯೇ ಶಿಮ್ರೋನ್ ಹೇಳಿದ್ದು ನಿಜ, ಆದರೆ ಉಳಿದ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿಲ್ಲ.

1970ರ ದಶಕ ಅನ್ನುವುದಕ್ಕೆ ಇನ್ನೊಂದು ಮಹತ್ವ ಇದೆ. ಇಸ್ರೇಲಿನ 1978ರ ಕಾನೂನಿನ ಪ್ರಕಾರ ಆಮೇಲೆ ಸಿಕ್ಕಿದ ಪ್ರಾಚೀನ ವಸ್ತುಗಳೆಲ್ಲ ಸರ್ಕಾರದ್ದು. ಅದಕ್ಕೂ ಮೊದಲೇ ಕೊಂಡಿದ್ದರೆ ಕೊಂಡವರದ್ದು.

ನೇತ್ರಾವತಿ_ದಡ
ಯೇಸುವಿನ ಊರಾದ ನಜರೇತಿನ ಬಡ ಮನೆಯವರಿಗೆ ಜೆರುಸಲೇಮಿನಲ್ಲಿ ಕುಟುಂಬದ ಸಮಾಧಿ ಹೇಗೆ ಬಂತು ಎಂಬ ಪ್ರಶ್ನೆ ನನಗೆ ಮೊದಲಿಂದ ಇದೆ.

ಓದುಗ_72
ಅದೇ ದೊಡ್ಡ ಆಕ್ಷೇಪ ಮೇಡಂ. ಬಂಡೆ ಕೊರೆಸಿದ ಗವಿ ಉಳ್ಳವರ ಬಾಬ್ತು. ಬಡವರನ್ನು ಮಣ್ಣಿನಲ್ಲೇ ಹೂಳುತ್ತಿದ್ದರು. ಊರು ಬಿಟ್ಟು ಬಂದವರ ಪೆಟ್ಟಿಗೆಯ ಮೇಲೆ ಊರಿನ ಹೆಸರು ಹಾಕುವ ರೂಢಿಯೂ ಇತ್ತು. ತಲ್ಪಿಯೋತಿನಲ್ಲಿ ನಜರೇತಿನ ಹೆಸರೇ ಇಲ್ಲ. ಇನ್ನೊಂದು ಗೊತ್ತಾ? 'ಯೋಸೇಫನ ಮಗ ಯೇಸು' ಎಂಬ ಬೇರೊಂದು ಪೆಟ್ಟಿಗೆಯನ್ನು ಪುರಾತತ್ವಜ್ಞ ಸುಕೆನಿಕ್ 1931ರಲ್ಲೇ ಪ್ರಕಟಿಸಿದ್ದರು.

ಹಾಸನದ_ಹುಡುಗ
ಯೇಸು ಭಾರತಕ್ಕೆ ಬಂದು ಕಾಶ್ಮೀರದಲ್ಲಿ ಸತ್ತರು ಅಂತಾರೆ, ಶ್ರೀನಗರದಲ್ಲಿ ಸಮಾಧಿ ಇದೆ. ಅದನ್ನು ಯಾಕೆ ಯಾರೂ ಅಗೆಯುವುದಿಲ್ಲ?

ತುಂಗೆಯ_ತೀರ
ರೋಜಾಬಲ್. ಅದು ಯೂಜ್ ಆಸಫ್ ಎಂಬ ಸಂತನದು ಎಂದು ಅಲ್ಲಿಯವರ ನಂಬಿಕೆ. ಅದನ್ನು ಯೇಸುವಿಗೆ ಜೋಡಿಸಿ ಪ್ರಚಾರ ಮಾಡಿದ್ದು 19ನೇ ಶತಮಾನದ ಕೊನೆಯಲ್ಲಿ, ಅಹ್ಮದೀಯ ಪಂಥ ಕಟ್ಟಿದ ಮಿರ್ಜಾ ಗುಲಾಮ್ ಅಹ್ಮದ್. ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಕಥೆಯ ಹಸ್ತಪ್ರತಿ ನೋಡಿದೆ ಎಂದು ನೊಟೊವಿಚ್ ಎಂಬವನು 1894ರಲ್ಲಿ ಬರೆದ. ಮುಂದಿನ ವರ್ಷ ಆಗ್ರಾದ ಪ್ರಾಧ್ಯಾಪಕ ಡಗ್ಲಸ್ ಮಠಕ್ಕೇ ಹೋಗಿ ಕೇಳಿದರೆ, ಅಂಥದ್ದು ಯಾವುದೂ ಇಲ್ಲ ಅಂದರು ಲಾಮಾ. ಅದು ಜನರ ನಂಬಿಕೆಯ ಜಾಗ, ಗೌರವ ಇರಲಿ. ಅಗೆಯುವ ಮಾತು ಬೇಡ.

ನಿರ್ವಾಹಕ
ಕಾಶ್ಮೀರದ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಕುಟುಂಬದ ಪುರಾವೆ ಮಾತ್ರ.

ಬಲ್ಮಠ_ರಸ್ತೆ
ಎಲ್ಲರೂ ಸಮಾಧಿ ಸಮಾಧಿ ಅಂತೀರಿ. ಈ ಕುಟುಂಬ ಆಮೇಲೆ ಹೇಗೆ ಬದುಕಿತು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ದಾಖಲೆ ಒಂದಿದೆ. 2ನೇ ಶತಮಾನದ ಹೆಗೆಸಿಪ್ಪಸ್ ಬರೆದದ್ದು, ಯೂಸೆಬಿಯಸ್ ತನ್ನ ಸಭಾ ಇತಿಹಾಸದಲ್ಲಿ ಉಳಿಸಿಕೊಟ್ಟಿದ್ದಾನೆ.

ಯೇಸುವಿನ ತಮ್ಮ ಯೂದನ ಮೊಮ್ಮಕ್ಕಳು ದಾವೀದ ರಾಜನ ವಂಶದವರು ಎಂದು ಯಾರೋ ಚಾಡಿ ಹೇಳಿದರು. ರೋಮನ್ ಚಕ್ರವರ್ತಿ ಡೊಮಿಷಿಯನ್ ಎದುರು ಅವರನ್ನು ನಿಲ್ಲಿಸಿದರು. ಆಸ್ತಿ ಎಷ್ಟಿದೆ ಎಂದು ಕೇಳಿದ. ಇಬ್ಬರಿಗೂ ಸೇರಿ 9,000 ದೆನಾರಿ, ಅದೂ ನಗದಲ್ಲ, 39 ಪ್ಲೆತ್ರ ಜಮೀನಿನ ಬೆಲೆ, ಅದರಲ್ಲೇ ದುಡಿದು ತಿಂದು ತೆರಿಗೆ ಕಟ್ಟುತ್ತೇವೆ ಅಂದರು. ಆಮೇಲೆ ಕೈ ಮುಂದೆ ಚಾಚಿ ತೋರಿಸಿದರು. ಅಂಗೈ ತುಂಬ ದುಡಿಮೆಯ ಜಡ್ಡು. ಚಕ್ರವರ್ತಿ ಇವರನ್ನು ಕೇವಲವಾಗಿ ಕಂಡು ಬಿಟ್ಟು ಕಳಿಸಿದ.

ಈ ಜಡ್ಡುಗಟ್ಟಿದ ಕೈ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಗೆರೆ ಎಳೆದು ಹೇಳಬೇಕಾದದ್ದು ಇದು: ಡೊಮಿಷಿಯನ್ ಆಳಿದ ಕ್ರಿ.ಶ. 81ರಿಂದ 96ರ ನಡುವೆಯೂ ಆ ಮನೆತನ ಹೊಲ ಉಳುತ್ತಿತ್ತು.

ತುಂಗೆಯ_ತೀರ
ಕಥೆ ಚೆನ್ನಾಗಿದೆ, ಆದರೆ ಹೆಗೆಸಿಪ್ಪಸ್ ಅಂದರೆ ಸ್ವಲ್ಪ ಜಾಸ್ತಿ ಹೇಳುವವನು ಸರ್. ಪ್ರಾರ್ಥನೆ ಮಾಡಿ ಮಾಡಿ ಯಾಕೋಬನ ಮೊಣಕಾಲು ಒಂಟೆಯ ಮೊಣಕಾಲಿನಂತೆ ಗಟ್ಟಿಯಾಗಿತ್ತು ಎಂದವನೂ ಅವನೇ. ಚಕ್ರವರ್ತಿಯ ಭೇಟಿ ಹಾಗೇ ನಡೆಯಿತು ಎಂದು ಒಪ್ಪುವುದು ಕಷ್ಟ.

ಬಲ್ಮಠ_ರಸ್ತೆ
ಭೇಟಿ ಬಿಡಿ, 39 ಪ್ಲೆತ್ರ ಎಂಬ ಲೆಕ್ಕ ಯಾಕೆ ಕಟ್ಟುತ್ತಾರೆ? ಕಟ್ಟುವವರು ದೊಡ್ಡ ಪವಾಡ ಕಟ್ಟುತ್ತಾರೆ. 3ನೇ ಶತಮಾನದ ಜೂಲಿಯಸ್ ಆಫ್ರಿಕಾನಸ್ ಕೂಡ, ನಜರೇತ್ ಮತ್ತು ಕೊಖಾಬಾ ಎಂಬ ಹಳ್ಳಿಗಳಿಂದ ಬಂದ ಕರ್ತನ ಬಂಧುಗಳು ತಮ್ಮ ವಂಶಾವಳಿ ಹೇಳುತ್ತಿದ್ದರು ಎನ್ನುತ್ತಾನೆ. ಇಬ್ಬರೂ ಬೇರೆ ಬೇರೆ ಕಡೆಯಿಂದ ಒಂದೇ ಥರದ ಮನೆ ತೋರಿಸುತ್ತಾರೆ.

ಮಲ್ಲಿಗೆ_ಉಡುಪಿ
ಯಾಕೋಬನ ಸಮಾಧಿಯ ಬಗ್ಗೆ ಹೆಗೆಸಿಪ್ಪಸ್ ಬೇರೆಯೇ ಹೇಳುತ್ತಾನೆ, ದೇವಾಲಯದ ಪಕ್ಕದಲ್ಲೇ ಹೂತರು, ಗುರುತಿನ ಕಲ್ಲೂ ಇತ್ತು ಅಂತ. ಜೆರುಸಲೇಮಿನ ಅರ್ಮೇನಿಯನ್ನರು ತಮ್ಮ ಸಂತ ಯಾಕೋಬರ ಕ್ಯಾಥೆಡ್ರಲಿನ ಕೆಳಗೇ ಅವನ ಅವಶೇಷ ಇದೆ ಎಂದು ನಂಬುತ್ತಾರೆ. ಗೋಲಾನರಿಗೆ ಪೆಟ್ಟಿಗೆ ಜೆರುಸಲೇಮಿನ ಸಿಲ್ವಾನ್ ಕಡೆಯದ್ದು ಎಂದು ವ್ಯಾಪಾರಿ ಹೇಳಿದ್ದನಂತೆ. ಮೂರು ಜಾಗ ಆಯಿತು.

ನೇತ್ರಾವತಿ_ದಡ
ನಜರೇತಿನಲ್ಲಿ ಮನೆ ಸಿಕ್ಕಿದೆ ಎಂದೂ ಓದಿದ್ದೆ. ಅದು?

ಶಾಸನಪ್ರಿಯ
ಎರಡು ಇವೆ, ಬೆರೆಸಬೇಡಿ. ಒಂದು 2009ರ ಡಿಸೆಂಬರಿನಲ್ಲಿ ಯಾರ್ದೆನ್ನಾ ಅಲೆಕ್ಸಾಂಡ್ರೆ ಪ್ರಕಟಿಸಿದ್ದು, ಅನನ್ಸಿಯೇಷನ್ ಬೆಸಿಲಿಕಾ ಎಂಬ ಚರ್ಚಿನ ಪಕ್ಕದಲ್ಲೇ. ಎರಡು ಕೋಣೆ, ಅಂಗಳ, ಮಳೆನೀರು ಹಿಡಿಯುವ ತೊಟ್ಟಿ. ಯೇಸುವಿನ ಕಾಲದ ಸಾಧಾರಣ ಯೆಹೂದಿ ಮನೆ. ಯಾರ ಮನೆ ಎಂದು ಅವರು ಹೇಳಲೇ ಇಲ್ಲ.

ಇನ್ನೊಂದು ನಜರೇತ್ ಸಿಸ್ಟರ್‌ಗಳ ಕಾನ್ವೆಂಟಿನ ಕೆಳಗೆ. 1880ರ ದಶಕದಲ್ಲಿ ಕನ್ಯಾಸ್ತ್ರೀಯರೇ ಕಂಡುಹಿಡಿದರು, ಆಮೇಲೆ ಒಬ್ಬ ಯೇಸುಸಭೆಯ ಪಾದ್ರಿ ಅಗೆದರು, 2006ರಿಂದ ಬ್ರಿಟನ್ನಿನ ಕೆನ್ ಡಾರ್ಕ್ ಎಲ್ಲವನ್ನೂ ಹೊಸದಾಗಿ ಅಳೆದು ದಾಖಲಿಸಿದರು. ಅರ್ಧ ಬಂಡೆಯಲ್ಲಿ ಕೊರೆದು ಅರ್ಧ ಕಲ್ಲು ಕಟ್ಟಿದ 1ನೇ ಶತಮಾನದ ಮನೆ. ಆ ಮನೆ ಬಿಟ್ಟುಹೋದ ಮೇಲೆ ಅದೇ ಜಾಗದಲ್ಲಿ ಸಮಾಧಿ ಕೊರೆದಿದ್ದಾರೆ. ಬೈಜಾಂಟಿನ್ ಕಾಲದಲ್ಲಿ ಮೇಲೆ ದೊಡ್ಡ ಚರ್ಚ್ ಬಂತು. ಆ ಕಾಲದ ಕ್ರೈಸ್ತರು ಇದೇ ಯೇಸು ಬೆಳೆದ ಮನೆ ಎಂದು ನಂಬಿರಬೇಕು ಎನ್ನುತ್ತಾರೆ ಡಾರ್ಕ್. ಅದು ನಿಜವಾ ಎಂದು ಸಾಬೀತು ಮಾಡಲು ಆಗದು, ಅಲ್ಲ ಎನ್ನಲೂ ಪುರಾತತ್ವದ ಕಾರಣ ಇಲ್ಲ ಎಂದೂ ಅವರೇ ಬರೆದಿದ್ದಾರೆ.

ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ ಕೆಲಸ ಇದು. ಹಳೆಯ ಡೈರಿ, ಹಳೆಯ ಫೋಟೋ, ಗೋಡೆಯ ಒಂದೊಂದು ಕೊರೆತ, ಎಲ್ಲ ಜೋಡಿಸಿ ಮಾಡಿದ್ದು. ಟಿವಿಯವರು ಇದಕ್ಕೆ ಕೊಡುವ ಸಮಯ ಕಡಿಮೆ.

ಜೆರುಸಲೇಮ್_ಕುಡ್ಲ
ಕಾನ್ವೆಂಟಿಗೆ ಹೋಗಬೇಕೆಂದಿರುವವರು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಕೆಳಗೆ ಇಳಿಯುವ ಮೆಟ್ಟಿಲು ಜಾರುತ್ತದೆ, ಅಜ್ಜ ಅಜ್ಜಿಯರಿದ್ದರೆ ಕೈ ಹಿಡಿದು ಇಳಿಸಿ.

ಲೆಕ್ಕದ_ಮೇಷ್ಟ್ರು
ಒಂದು ಪ್ರಶ್ನೆ ಉಳಿಯಿತು. ತಲ್ಪಿಯೋತಿನ ಮೂಳೆಗಳನ್ನೇ ಈಗ ಹೊಸ ವಿಧಾನದಲ್ಲಿ ಪರೀಕ್ಷಿಸಲು ಆಗುವುದಿಲ್ಲವಾ? ಆರೂ ಪೆಟ್ಟಿಗೆಯವರು ಒಂದೇ ಮನೆಯವರಾ ಎಂದಾದರೂ ಗೊತ್ತಾಗುತ್ತಿತ್ತು.

ಶಾಸನಪ್ರಿಯ
ಮೂಳೆ ಇಲ್ಲ ಮೇಷ್ಟ್ರೇ. ಅಲ್ಲಿನ ಧಾರ್ಮಿಕ ನಿಯಮದಂತೆ ಅವನ್ನು ಮತ್ತೆ ಹೂಳಲು ಕೊಟ್ಟುಬಿಟ್ಟರು. ಪೆಟ್ಟಿಗೆಗಳು ಪ್ರಾಧಿಕಾರದ ಗೋದಾಮಿನಲ್ಲಿವೆ. ಗವಿಯ ಒಳಗೆ ಇನ್ನೇನಾದರೂ ಉಳಿದಿದ್ದರೆ ಅದು ಆ ಚಪ್ಪಡಿಯ ಕೆಳಗೆ. ತೆರೆಯಬೇಕಾದರೆ ಅಲ್ಲಿ ವಾಸವಾಗಿರುವವರೂ ಒಪ್ಪಬೇಕು, ಧಾರ್ಮಿಕ ಮುಖಂಡರೂ ಒಪ್ಪಬೇಕು.

ಬಳ್ಳಾರಿ_ಬಿಸಿಲು
ನಾಳೆ ಯಾರಾದರೂ ಮರಿಯಮ್ಮನವರ ಸಮಾಧಿಯ ಬಗ್ಗೆ ಒಂದು ಎಳೆ ಶುರು ಮಾಡಿ. ಜೆರುಸಲೇಮಿನ ಕಿದ್ರೋನ್ ಕಣಿವೆಯಲ್ಲಿ ಒಂದು ಇದೆ ಅಂತಾರೆ, ತುರ್ಕಿಯ ಎಫೆಸದಲ್ಲಿ ಅವರ ಕೊನೆಗಾಲದ ಮನೆ ಅಂತಾರೆ.

ನೇತ್ರಾವತಿ_ದಡ
ನಾನೇ ಶುರು ಮಾಡುತ್ತೇನೆ. ಅಜ್ಜಿಗೂ ಓದಿ ಹೇಳಬಹುದಾದದ್ದು ಅದು. ಓದುಗ_72 ಸರ್, ಜೆರೋಮರ ವಾದವನ್ನು ಅಲ್ಲಿ ಇನ್ನೊಂದಿಷ್ಟು ಬಿಡಿಸಿ ಬರೆಯಿರಿ, ಬಲ್ಮಠದವರು ಬಿಡುವುದಿಲ್ಲ ಎಂದು ಗೊತ್ತು.